ಹೆಣದ ಬಣ್ಣ ಹುಡುಕುವ ಸಿನಿಮಾ

ಕೊಲೆಯ ಕತೆ ಅಂದ್ರೆ ನ್ಯಾಯದ ಕತೆ ಅಂತ ನಮ್ಮನ್ನು ಬಹಳ ಕಾಲದಿಂದ ನಂಬಿಸಿಕೊಂಡು ಬಂದಿದ್ದಾರೆ. ಹೆಣ ಬೀಳ್ತದೆ, ಪೊಲೀಸು ಬರ್ತಾನೆ, ನಾಲ್ಕು ಜನರ ಮೇಲೆ ಅನುಮಾನ ಹುಟ್ಟುತ್ತದೆ, ಕೊನೆಗೆ ಕೊಲೆಗಾರ ಸಿಕ್ಕಿಬೀಳುತ್ತಾನೆ. ನೋಡುವವನು ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾನೆ. ಲೋಕ ಮತ್ತೆ ಸರಿಹೋಯಿತು ಅನ್ನುವ ನಂಬಿಕೆಯನ್ನು ಇಂಥ ಸಿನಿಮಾ ಟಿಕೆಟ್ಟಿನ ಜೊತೆಗೇ ಮಾರುತ್ತದೆ. ಆದರೆ ಕೊಲೆಗೆ ಮುಂಚೆ ಲೋಕ ಸರಿಯಾಗಿತ್ತೇ? ಯಾರ ಪಾಲಿಗೆ ಸರಿಯಾಗಿತ್ತು? ಪತ್ತೇದಾರಿ ಸಿನಿಮಾ ಈ ಪ್ರಶ್ನೆ ಕೇಳುವುದಿಲ್ಲ. ಕೇಳಬೇಕಾದವರು ನಾವು.

ಇಲ್ಲಿ ನಾವು ಎತ್ತಿಕೊಂಡಿರುವುದು 1950ರ ದಶಕದ ಮತ್ತು 60ರ ಮೊದಲ ವರ್ಷಗಳ ಬ್ರಿಟಿಷ್ ರೋಚಕ ಚಿತ್ರಗಳನ್ನು. ನಮ್ಮ ಕೇರಿಗೆ ಇನ್ನೂ ಸರಿಯಾಗಿ ನೀರು ಬಂದಿಲ್ಲ, ಇವರಿಗೆ ಲಂಡನ್ನಿನ ಸಿನಿಮಾ ಯಾಕೆ ಅಂತ ಕೆಲವು ಗೆಳೆಯರು ಕೇಳಬಹುದು. ಕಾರಣ ಇದೆ. ನಮ್ಮನ್ನು ಆಳಿದ ದೇಶ, ತಾನು ಆಳಿದ ಜನ ತನ್ನದೇ ಬೀದಿಗೆ ಬಂದು ಬಾಡಿಗೆ ಮನೆ ಕೇಳಿದಾಗ ಹೇಗೆ ನಡೆದುಕೊಂಡಿತು ಅನ್ನುವುದು ಈ ಚಿತ್ರಗಳಲ್ಲಿ ದಾಖಲಾಗಿದೆ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಈ ಚಿತ್ರಗಳನ್ನು ಮಾಡಿದವರು ಕೆಟ್ಟವರಲ್ಲ. ಅವರು ಒಳ್ಳೆಯ ಮನಸ್ಸಿನ ಉದಾರವಾದಿಗಳು. ಕರಿಯರ ಬಗ್ಗೆ ಕನಿಕರ ಉಳ್ಳವರು. ಬೈಯುವವನನ್ನು ಎದುರಿಸುವುದು ನಮಗೆ ಗೊತ್ತು. ಕನಿಕರ ಪಡುವವನ ಎದುರು ಏನು ಮಾಡಬೇಕು ಅನ್ನುವುದೇ ನಮಗೆ ಇವತ್ತಿಗೂ ತೊಡಕಿನ ಪ್ರಶ್ನೆ.

1

ಮೊದಲು ಚರಿತ್ರೆಯನ್ನು ಒಂದಿಷ್ಟು ನೋಡೋಣ. 1948ರ ಜೂನ್ 22ರಂದು 'ಎಂಪೈರ್ ವಿಂಡ್ರಶ್' ಅನ್ನುವ ಹಡಗು ಕೆರಿಬಿಯನ್ ದ್ವೀಪಗಳ ನೂರಾರು ಜನರನ್ನು ಹೊತ್ತು ಲಂಡನ್ನಿನ ಹತ್ತಿರದ ಟಿಲ್‌ಬರಿ ಬಂದರಿನಲ್ಲಿ ಇಳಿಸಿತು. ಅದೇ ವರ್ಷದ ಬ್ರಿಟಿಷ್ ರಾಷ್ಟ್ರೀಯತೆ ಕಾಯಿದೆ ವಸಾಹತುಗಳ ಜನರಿಗೂ ಪೌರತ್ವ ಕೊಟ್ಟಿತ್ತು. ಯುದ್ಧದಲ್ಲಿ ಮುರಿದುಬಿದ್ದ ದೇಶ ಕಟ್ಟಲು ಕೈಗಳು ಬೇಕಾಗಿದ್ದವು. ಬಸ್ಸು ಓಡಿಸಲು, ಆಸ್ಪತ್ರೆಯಲ್ಲಿ ಮಲಮೂತ್ರ ಬಳಿಯಲು, ಕಾರ್ಖಾನೆಯ ರಾತ್ರಿ ಪಾಳಿಗೆ ಜನ ಬೇಕಿತ್ತು. ದುಡಿಮೆ ಬೇಕು, ದುಡಿಯುವವನು ಮಾತ್ರ ಪಕ್ಕದ ಮನೆಯಲ್ಲಿ ಬೇಡ. ಈ ಲೆಕ್ಕ ನಮಗೆ ಹೊಸದಲ್ಲ.

ಬಾಡಿಗೆಗೆ ಮನೆ ಇದೆ ಅನ್ನುವ ಬೋರ್ಡಿನಲ್ಲೇ ಕರಿಯರಿಗೆ ಇಲ್ಲ ಅಂತ ಬರೆದಿರುತ್ತಿತ್ತು. ಅದು ಅಪರಾಧವೂ ಆಗಿರಲಿಲ್ಲ. 1965ರ ಮೊದಲ ಜನಾಂಗ ಸಂಬಂಧ ಕಾಯಿದೆ ಕೂಡ ಮನೆ ಬಾಡಿಗೆಯನ್ನೂ ನೌಕರಿಯನ್ನೂ ಮುಟ್ಟಲಿಲ್ಲ. ಅದಕ್ಕೆ 1968ರ ತನಕ ಕಾಯಬೇಕಾಯಿತು. 1958ರ ಆಗಸ್ಟ್ ಕೊನೆಯಲ್ಲಿ ನಾಟಿಂಗ್‌ಹ್ಯಾಮ್ ಊರಿನಲ್ಲೂ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲೂ ಬಿಳಿಯ ಪುಂಡರು ಕರಿಯರ ಮೇಲೆ ಬಿದ್ದರು. ಕಬ್ಬಿಣದ ಸರಳು, ಸೈಕಲ್ ಚೈನು ಹಿಡಿದು ಬೀದಿ ಬೀದಿ ಬೇಟೆಯಾಡಿದರು. ಅಂಥ ಒಂಬತ್ತು ಜನಕ್ಕೆ ನ್ಯಾಯಾಲಯ ನಾಲ್ಕು ನಾಲ್ಕು ವರ್ಷ ಶಿಕ್ಷೆ ಕೊಟ್ಟಿತು. ಈ ಗಲಭೆಯ ಬಿಸಿ ಆರುವ ಮೊದಲೇ ತಯಾರಾದ ಚಿತ್ರ 'ಸಫೈರ್'. 1959ರಲ್ಲಿ ಬಿಡುಗಡೆಯಾಯಿತು. ನಿರ್ದೇಶಕ ಬೇಸಿಲ್ ಡಿಯರ್ಡನ್, ನಿರ್ಮಾಪಕ ಮೈಕೇಲ್ ರೆಲ್ಫ್, ಚಿತ್ರಕತೆ ಜಾನೆಟ್ ಗ್ರೀನ್. ಆ ವರ್ಷದ ಅತ್ಯುತ್ತಮ ಬ್ರಿಟಿಷ್ ಚಿತ್ರ ಅಂತ ಅಲ್ಲಿನ ಅಕಾಡೆಮಿ ಇದಕ್ಕೆ ಬಹುಮಾನ ಕೊಟ್ಟಿತು.

2

ಚಿತ್ರ ಶುರುವಾಗುವುದೇ ಹೆಣದಿಂದ. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್ ಅನ್ನುವ ಬಯಲಿನಲ್ಲಿ ಒಬ್ಬ ಹುಡುಗಿ ಕೊಲೆಯಾಗಿ ಬಿದ್ದಿದ್ದಾಳೆ. ಹೆಸರು ಸಫೈರ್ ರಾಬಿನ್ಸ್, ಸಂಗೀತ ಕಲಿಯುವ ವಿದ್ಯಾರ್ಥಿನಿ, ಬೆಳ್ಳಗಿದ್ದಾಳೆ, ಬಸುರಿ. ಪೊಲೀಸರು ಬಿಳಿ ಹುಡುಗಿಯ ಕೊಲೆ ಅಂತಲೇ ತನಿಖೆ ಶುರುಮಾಡುತ್ತಾರೆ. ಅಷ್ಟರಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಅವಳ ಅಣ್ಣ ಬರುತ್ತಾನೆ. ಡಾಕ್ಟರು. ಕಪ್ಪು ಮನುಷ್ಯ. ಸೂಪರಿಂಟೆಂಡೆಂಟ್ ಹ್ಯಾಝರ್ಡ್ ಒಂದು ಗಳಿಗೆ ತಬ್ಬಿಬ್ಬಾಗುತ್ತಾನೆ. ಸತ್ತವಳಿಗೆ ಬಿಳಿಯ ರಕ್ತವೂ ಕರಿಯ ರಕ್ತವೂ ಇತ್ತು. ಕೆಲವು ವರ್ಷಗಳಿಂದ ಅವಳು ಬಿಳಿಯಳಾಗಿ ನಡೆದುಕೊಂಡಿದ್ದಳು. ಡೇವಿಡ್ ಹ್ಯಾರಿಸ್ ಅನ್ನುವ ಬಿಳಿಯ ಹುಡುಗನನ್ನು ಮದುವೆಯಾಗುವವಳಿದ್ದಳು.

ಇಲ್ಲಿಂದ ಮುಂದೆ ತನಿಖೆ ಎರಡು ಕಡೆ ನಡೆಯುತ್ತದೆ. ಕೊಂದವರು ಯಾರು ಅನ್ನುವುದು ಒಂದು. ಸತ್ತವಳು ನಿಜಕ್ಕೂ ಯಾರು ಅನ್ನುವುದು ಇನ್ನೊಂದು. ಈ ಎರಡನೆಯ ತನಿಖೆ ಹೆಚ್ಚು ಉತ್ಸಾಹದಿಂದ ನಡೆಯುವುದನ್ನು ಗಮನಿಸಬೇಕು. ಅವಳ ಕೋಣೆಯ ಬೀಗ ಹಾಕಿದ ಡ್ರಾಯರ್ ಒಡೆಯುತ್ತಾರೆ. ಒಳಗೆ ಸಿಗುವುದು ಬಣ್ಣಬಣ್ಣದ ಒಳಉಡುಪು. ಸತ್ತಾಗಲೂ ಅವಳು ಸಾದಾ ಸ್ಕರ್ಟಿನ ಒಳಗೆ ಕೆಂಪು ರೇಷ್ಮೆಯ ಲಂಗ ಉಟ್ಟಿದ್ದಳು. ಮೇಲೆ ಬಿಳಿಯಳ ಸಭ್ಯತೆ, ಒಳಗೆ ಕರಿಯಳ ಕೆಂಪು ಅಂತ ಕ್ಯಾಮರಾ ನಮಗೆ ಸೂಚನೆ ಕೊಡುತ್ತದೆ. ಕೆಂಪು ಲಂಗ ಉಡುವ ಬಿಳಿ ಹೆಂಗಸರು ಲಂಡನ್ನಿನಲ್ಲಿ ಒಬ್ಬರೂ ಇರಲಿಲ್ಲವೇ?

ಆಮೇಲೆ ಬರುವುದು 'ಟುಲಿಪ್ಸ್' ಕ್ಲಬ್ಬಿನ ದೃಶ್ಯ. ಬಾಂಗೊ ಡ್ರಮ್ಮು ಬಾರಿಸುತ್ತಿದೆ, ಕರಿಯ ಬಿಳಿಯ ಜನ ಕುಣಿಯುತ್ತಿದ್ದಾರೆ. ಬೆಳ್ಳಗಿನ ಚರ್ಮ ಇದ್ದರೂ ಡ್ರಮ್ಮಿನ ಸದ್ದು ಕೇಳಿದ ಕೂಡಲೇ ಕರಿಯ ರಕ್ತ ತಡೆದುಕೊಳ್ಳಲಾರದು, ಅದರಿಂದಲೇ ಗುರುತು ಹಿಡೀಬಹುದು ಅಂತ ಕ್ಲಬ್ಬಿನವನು ಪೊಲೀಸರಿಗೆ ಹೇಳುತ್ತಾನೆ. ಅದು ಒಬ್ಬ ಪಾತ್ರದ ಅಭಿಪ್ರಾಯ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಕ್ಯಾಮರಾ ಅವನ ಮಾತನ್ನು ಸಾಬೀತುಮಾಡಲು ಹೊರಡುತ್ತದೆ. ತಾಳಕ್ಕೆ ಮಿಡಿಯುವ ಕಾಲು, ಕುಲುಕುವ ಮೈ ಒಂದೊಂದನ್ನೇ ಕತ್ತರಿಸಿ ತೋರಿಸುತ್ತದೆ.

ಇದು ಗುಣಕರ್ಮದ ಸಿದ್ಧಾಂತ. ಹುಟ್ಟಿನಲ್ಲೇ ಗುಣ ಇದೆ, ಓದಿದರೂ ಉಟ್ಟರೂ ತೊಟ್ಟರೂ ಅದು ಹೋಗೋದಿಲ್ಲ, ಸಮಯ ಬಂದಾಗ ತಾನೇ ಹೊರಗೆ ಬರ್ತದೆ ಅನ್ನುವ ಮಾತು. ಇದನ್ನು ನಮಗೆ ಹೇಳಲು ಲಂಡನ್ನಿನಿಂದ ಯಾರೂ ಬರಬೇಕಾಗಿಲ್ಲ. ಮನು ಹೇಳಿ ಎಷ್ಟೋ ಕಾಲವಾಯಿತು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರು ಸುಟ್ಟದ್ದು ಇದೇ ಮಾತನ್ನು. ವರ್ಣಭೇದವನ್ನು ಖಂಡಿಸಲು ಹೊರಟ ಸಿನಿಮಾ ವರ್ಣಭೇದದ ಬುಡದಲ್ಲಿರುವ ನಂಬಿಕೆಯನ್ನೇ ಸಂಗೀತ ಹಾಕಿ ಕುಣಿಸುತ್ತದೆ.

ಇದು ಒಂದೇ ಚಿತ್ರದ ಚಪಲ ಅಂತ ತಿಳಿಯಬೇಡಿ. ಅದೇ 1959ರಲ್ಲಿ ಇನ್ನೆರಡು ಬ್ರಿಟಿಷ್ ಚಿತ್ರಗಳು ಬಂದವು, ಎರಡೂ ನಮ್ಮ ದೇಶದ ಮೇಲೆ. 'ದಿ ಸ್ಟ್ರ್ಯಾಂಗ್ಲರ್ಸ್ ಆಫ್ ಬಾಂಬೆ' ಹ್ಯಾಮರ್ ಕಂಪನಿಯದು, ನಿರ್ದೇಶಕ ಟೆರೆನ್ಸ್ ಫಿಶರ್. ಥಗ್ಗರ ಕತೆ. ಥೇಮ್ಸ್ ನದಿಯ ದಡದ ಬ್ರೇ ಸ್ಟುಡಿಯೊದಲ್ಲೇ ಇಂಡಿಯಾ ಕಟ್ಟಿದರು. ಕಾಳಿಯ ಪೂಜಾರಿಯಾಗಿ ಸೈಪ್ರಸ್ ಮೂಲದ ಜಾರ್ಜ್ ಪ್ಯಾಸ್ಟೆಲ್ ಕಣ್ಣರಳಿಸಿ ಕೂಗಿದ. ಆ ಚಿತ್ರದಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಳಗೇ ಇದ್ದು ಒಳಗೊಳಗೆ ಥಗ್ಗನಾಗಿರುವ ಅಧಿಕಾರಿ ಯಾರು? ಮಿಶ್ರರಕ್ತದ ಲೆಫ್ಟಿನೆಂಟ್. ಇನ್ನೊಂದು ಜೆ. ಲೀ ಥಾಂಪ್ಸನ್‌ನ 'ನಾರ್ತ್ ವೆಸ್ಟ್ ಫ್ರಾಂಟಿಯರ್'. 1905ರ ಕತೆ. ದಂಗೆಯ ನಡುವೆ ಬಾಲಕ ರಾಜಕುಮಾರನನ್ನು ರೈಲಿನಲ್ಲಿ ಸಾಗಿಸುವ ಬಿಳಿಯ ಕ್ಯಾಪ್ಟನ್. ರೈಲು ಓಡಿಸುವ ಗುಪ್ತ ನಮ್ಮ ಐ. ಎಸ್. ಜೋಹರ್, ನಗಿಸುವ ನಿಷ್ಠಾವಂತ ಆಳು. ಆ ರೈಲಿನೊಳಗೆ ಕೂತ ಗುಪ್ತ ಶತ್ರು ಯಾರು? ಮಿಶ್ರರಕ್ತದ ಪತ್ರಕರ್ತ.

ಒಂದೇ ವರ್ಷ, ಮೂರು ಚಿತ್ರ, ಮೂರರಲ್ಲೂ ಬೇಲಿ ದಾಟಿ ಒಳಗೆ ಬಂದ ಮಿಶ್ರರಕ್ತವೇ ರಹಸ್ಯದ ಬೀಜ. ಸಾಮ್ರಾಜ್ಯ ಕರಗುತ್ತಿದ್ದ ಕಾಲ ಅದು. ಹೊರಗಿದ್ದವರು ಮನೆಗೆ ಬರುತ್ತಿದ್ದಾರೆ, ನಾಳೆ ನಮ್ಮ ಮಗನ ಕೈ ಹಿಡಿದರೆ ಏನು ಗತಿ ಅನ್ನುವ ದಿಗಿಲು. ನಮ್ಮ ಶಾಸ್ತ್ರಗಳು ಇದಕ್ಕೆ ಒಂದು ಶಬ್ದ ಇಟ್ಟಿವೆ: ವರ್ಣಸಂಕರ. ಬ್ರಿಟಿಷ್ ರೋಚಕ ಚಿತ್ರ ನೋಡುಗನ ಎದೆ ಹೊಡೆದುಕೊಳ್ಳುವಂತೆ ಮಾಡಿದ್ದು ಈ ಭಯದಿಂದ. ಪಿಸ್ತೂಲು, ಓಟ, ಕತ್ತಲ ಗಲ್ಲಿ ಎಲ್ಲಾ ಆಮೇಲಿನವು.

3

ಸಫೈರ್ ಯಾಕೆ ಬಿಳಿಯಳಾಗಿ ನಟಿಸಿದಳು? ಚಿತ್ರ ಕೊಡುವ ಉತ್ತರ ಅವಳ ಆಸೆ, ಅವಳ ಚಪಲ, ಹಳೆಯ ಗೆಳೆಯರನ್ನು ಕೈಬಿಟ್ಟ ಅವಳ ಕೃತಘ್ನತೆ. ಆದರೆ ಅದೇ ಚಿತ್ರದಲ್ಲಿ ಮನೆ ಬಾಡಿಗೆಗೆ ಕೊಡುವ ಹೆಂಗಸು ಇದ್ದಾಳೆ. ಸತ್ತವಳು ಬಿಳಿಯಳಲ್ಲ ಅಂತ ಗೊತ್ತಾದ ಕೂಡಲೇ ಮುಖ ಸಿಂಡರಿಸುವವಳು. ಉತ್ತರ ಅಲ್ಲೇ ಇದೆ. ಸಂಗೀತ ಕಲಿಯಬೇಕಿದ್ದ ಹುಡುಗಿಗೆ ಲಂಡನ್ನಿನಲ್ಲಿ ಒಂದು ಕೋಣೆ ಬೇಕಿತ್ತು. ಕೋಣೆಗೆ ಬಿಳಿ ಚರ್ಮದ ಬಾಡಿಗೆ ಇತ್ತು. ಅವಳ ಹತ್ತಿರ ಆ ಬಾಡಿಗೆ ಕೊಡುವಷ್ಟು ಬಿಳಿಪು ಇತ್ತು, ಕೊಟ್ಟಳು. ಇದರಲ್ಲಿ ಮೋಸ ಮಾಡಿದವರು ಯಾರು?

ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡ ಸಂಸ್ಥಾನದ ಕೆಲಸಕ್ಕೆ ಹೋದಾಗ ಆ ಊರಿನಲ್ಲಿ ತಂಗಲು ಜಾಗ ಸಿಗಲಿಲ್ಲ. ಒಂದು ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ಬಡಿಗೆ ಹಿಡಿದ ಹತ್ತು ಹನ್ನೆರಡು ಜನ ಪಾರ್ಸಿಗಳು ಬಂದು, ಛತ್ರ ಮೈಲಿಗೆ ಮಾಡಿದೆ ಅಂತ ಅವರನ್ನು ಹೊರಗೆ ಹಾಕಿದರು. ಊರಲ್ಲಿ ಗೆಳೆಯರ ಮನೆಯಲ್ಲೂ ಜಾಗ ಸಿಗಲಿಲ್ಲ. ರಾತ್ರಿಯ ರೈಲಿನ ತನಕ ಉದ್ಯಾನವನದಲ್ಲಿ ಕೂತರು. ಇದನ್ನು ಅವರೇ ಬರೆದಿಟ್ಟಿದ್ದಾರೆ. 1921-22ರಲ್ಲಿ ಅದೇ ಬಾಬಾಸಾಹೇಬರು ಲಂಡನ್ನಿನ ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರಿನ ಮನೆಯಲ್ಲಿದ್ದು ಓದಿದರು. ಸಫೈರಳ ಹೆಣ ಬಿದ್ದ ಹ್ಯಾಂಪ್‌ಸ್ಟೆಡ್ ಹೀತ್‌ಗೆ ಅಲ್ಲಿಂದ ಕಾಲ್ನಡಿಗೆಯ ದೂರ.

ಬಾಬಾಸಾಹೇಬರು ಹೆಸರು ಮುಚ್ಚಿಟ್ಟದ್ದನ್ನು ನಾವು ಮೋಸ ಅನ್ನುತ್ತೇವೆಯೇ? ಅದನ್ನು ಓದುವಾಗ ನಮ್ಮ ಕಣ್ಣು ಬೀಳುವುದು ಬಡಿಗೆಗಳ ಮೇಲೆ. ಯಾಕೆಂದರೆ ಅಲ್ಲಿ ಕತೆ ಹೇಳುತ್ತಿರುವವರು ಹೊರಗೆ ಹಾಕಿಸಿಕೊಂಡವರು. 'ಸಫೈರ್'ನಲ್ಲಿ ಕತೆ ಹೇಳುತ್ತಿರುವುದು ತನಿಖೆ ಮಾಡುವವನು. ಅದಕ್ಕೇ ಕಣ್ಣು ಕೆಂಪು ಲಂಗದ ಮೇಲೆ ಬೀಳುತ್ತದೆ. ಸಂವಿಧಾನದ 17ನೇ ವಿಧಿ ಬಂದು ಎಪ್ಪತ್ತು ವರ್ಷ ದಾಟಿದ ಮೇಲೂ ನಮ್ಮ ಪಟ್ಟಣಗಳಲ್ಲಿ ಮನೆ ಕೇಳಲು ಹೋದರೆ 'ನೀವು ಯಾವ ಜನ?' ಅಂತಲೇ ಮಾತು ಶುರುವಾಗುತ್ತದೆ. ಅಲ್ಲಿ ಅರ್ಧ ನಿಜ ಹೇಳಿ ಕೀಲಿಕೈ ಪಡೆದ ನಮ್ಮ ಹುಡುಗ ಹುಡುಗಿಯರು ಎಷ್ಟು ಜನವೋ! ಅವರಲ್ಲಿ ಯಾರಾದರೂ ಈ ಚಿತ್ರ ನೋಡಿದರೆ ಕೊಲೆಗಾರನನ್ನು ಹುಡುಕುವುದಿಲ್ಲ. ಆ ಡ್ರಾಯರ್ ಒಡೆಯುವ ದೃಶ್ಯದಲ್ಲೇ ಅವರಿಗೆ ಬೆವರು ಬರುತ್ತದೆ.

4

ಕೊಂದವಳು ಯಾರು ಅನ್ನುವುದನ್ನೂ ನೋಡೋಣ. ಡೇವಿಡ್‌ನ ಅಕ್ಕ ಮಿಲ್ಡ್ರೆಡ್. ಗಂಡ ದೂರದಲ್ಲಿ, ಎರಡು ಮಕ್ಕಳು, ತವರಿನಲ್ಲಿ ಕಟ್ಟಿಹಾಕಿದಂಥ ಬದುಕು. ಒಳಗೆ ಹುಳಿಯುತ್ತಾ ಬಂದ ಹೆಂಗಸು. ಕೊನೆಯಲ್ಲಿ ಸಫೈರಳ ಅಣ್ಣ ಅವಳ ಮಕ್ಕಳ ಬೊಂಬೆ ಮುಟ್ಟಿದಾಗ ತಡೆಯಲಾಗದೆ ಸ್ಫೋಟಗೊಳ್ಳುತ್ತಾಳೆ. ಕರಿಯ ಕೈ ಮಕ್ಕಳ ಬೊಂಬೆಗೆ ತಾಗಿತು ಅನ್ನುವುದೇ ಸಾಕಾಗುತ್ತದೆ. ಯೋನ್ ಮಿಚೆಲ್ ಅನ್ನುವ ನಟಿ ಈ ದೃಶ್ಯವನ್ನು ನಿಜವಾಗಿಯೂ ಭಯ ಹುಟ್ಟುವಂತೆ ಮಾಡಿದ್ದಾಳೆ. ಮೈಲಿಗೆ ಅನ್ನುವುದು ತಲೆಯಲ್ಲಿರುವ ವಿಚಾರ ಅಲ್ಲ, ಮೈಯಲ್ಲಿ ಇಳಿದ ರೋಗ ಅಂತ ಆ ಒಂದು ದೃಶ್ಯ ತೋರಿಸುತ್ತದೆ. ಈ ಚಿತ್ರದ ಅತ್ಯಂತ ಸತ್ಯವಾದ ಗಳಿಗೆ ಅದು. ಒಪ್ಪಿಕೊಳ್ಳೋಣ.

ಆದರೆ ಲೆಕ್ಕ ನೋಡಿ. ಪೂರ್ವಗ್ರಹ ಇಡೀ ಬೀದಿಗೆ ಇದೆ, ಸಿಕ್ಕಿಬಿದ್ದವಳು ಒಬ್ಬಳೇ, ಅದೂ ನೆಮ್ಮದಿ ಇಲ್ಲದ ಕೆಳಮಧ್ಯಮ ವರ್ಗದ ಒಬ್ಬ ಹೆಂಗಸು. ಮಗನ ವಿದ್ಯಾರ್ಥಿವೇತನ, ರೋಮಿನ ಓದು ಕೆಡುತ್ತದೆ ಅಂತ ಹೊಟ್ಟೆಗೆ ಬೆಂಕಿ ಬಿದ್ದ ಅಪ್ಪ ಹೊರಗೆ. ಕರಿಯರನ್ನು ವಾಪಸು ಕಳಿಸಬೇಕು ಅನ್ನುವ ಇನ್ಸ್‌ಪೆಕ್ಟರ್ ಲಿಯರಾಯ್ಡ್‌ಗೆ ಮೇಲಧಿಕಾರಿಯಿಂದ ಒಂದು ಬುದ್ಧಿಮಾತು. ಬಾಡಿಗೆ ಮನೆಯವಳು ತನ್ನ ಮನೆಯಲ್ಲೇ ಇದ್ದಾಳೆ. ಅವಳು ಕಾನೂನು ಮುರಿದೇ ಇಲ್ಲವಲ್ಲ! ಮಿಲ್ಡ್ರೆಡ್ ಜೈಲಿಗೆ ಹೋದ ಮಾರನೇ ದಿನ ಅದೇ ಕೋಣೆಗೆ ಅದೇ ಬೋರ್ಡು ಬೀಳುತ್ತದೆ. ಒಬ್ಬನನ್ನು ಹಿಡಿದುಕೊಟ್ಟು ಊರನ್ನು ಬಿಡಿಸುವ ಈ ವಿದ್ಯೆ ನಮ್ಮ ಹಳ್ಳಿಯ ಪಂಚಾಯಿತಿಕಟ್ಟೆಗೂ ಗೊತ್ತು.

ನಾವು ಏನನ್ನೂ ಬಗೆಹರಿಸಲಿಲ್ಲ, ಬರೀ ಚೂರುಗಳನ್ನು ಆರಿಸಿಕೊಂಡೆವು ಅನ್ನುವ ಅರ್ಥದ ಮಾತನ್ನು ಹ್ಯಾಝರ್ಡ್ ಕೊನೆಗೆ ಹೇಳುತ್ತಾನೆ. ಚಿತ್ರ ಮಾಡಿದವರಿಗೆ ತಮ್ಮ ಸೋಲಿನ ಅರಿವಿತ್ತು. ಆದರೂ ಆ ಮಾತನ್ನು ಯಾರ ಬಾಯಲ್ಲಿ ಇಟ್ಟರು? ಪೊಲೀಸಿನವನ ಬಾಯಲ್ಲಿ. ತಂಗಿಯನ್ನು ಕಳೆದುಕೊಂಡ ಡಾಕ್ಟರ್ ರಾಬಿನ್ಸ್ ಮೌನವಾಗಿ ನಡೆದುಹೋಗಬೇಕು, ವಿವೇಕ ಮಾತ್ರ ಸರ್ಕಾರಿ ಕೋಟಿನೊಳಗಿಂದ ಬರಬೇಕು. ಇದೇ ಡಿಯರ್ಡನ್ 1950ರಲ್ಲಿ 'ದಿ ಬ್ಲೂ ಲ್ಯಾಂಪ್' ಮಾಡಿ, ಬೀದಿಯ ಪೊಲೀಸನನ್ನು ಇಡೀ ದೇಶದ ಚಿಕ್ಕಪ್ಪನ ಹಾಗೆ ಪ್ರತಿಷ್ಠಾಪಿಸಿದ್ದ.

ತೆರೆಯ ಹೊರಗೆ ಏನಾಯಿತು? 'ಸಫೈರ್' ಬಂದ ಆ 1959ರಲ್ಲೇ, ಮೇ 17ರ ರಾತ್ರಿ, ನಾಟಿಂಗ್ ಹಿಲ್ ಹತ್ತಿರದ ಬೀದಿಯಲ್ಲಿ ಕೆಲ್ಸೊ ಕಾಕ್ರೇನ್ ಅನ್ನುವ ಬಡಗಿಯನ್ನು ಬಿಳಿಯ ಯುವಕರ ಗುಂಪು ಇರಿದು ಕೊಂದಿತು. ಆಂಟಿಗುವ ದ್ವೀಪದಿಂದ ಬಂದಿದ್ದವನು, ವಯಸ್ಸು 32. ಬಣ್ಣದ ದ್ವೇಷ ಇದಕ್ಕೆ ಕಾರಣ ಅಲ್ಲ, ದುಡ್ಡಿನ ಆಸೆಗೆ ಆದದ್ದು ಅಂತ ಪೊಲೀಸರು ಹೇಳಿದರು. ಆ ಕೊಲೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ. 1993ರ ಏಪ್ರಿಲ್ 22ರಂದು ಬಸ್ಸಿಗೆ ಕಾಯುತ್ತಿದ್ದ 18 ವರ್ಷದ ಸ್ಟೀಫನ್ ಲಾರೆನ್ಸ್‌ನನ್ನು ಅದೇ ಲಂಡನ್ನಿನಲ್ಲಿ ಕೊಂದರು. ಪೊಲೀಸ್ ವ್ಯವಸ್ಥೆಯೊಳಗೇ ಜನಾಂಗದ್ವೇಷ ಬೇರುಬಿಟ್ಟಿದೆ ಅಂತ 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಹೇಳಬೇಕಾಯಿತು. ಇಬ್ಬರಿಗೆ ಶಿಕ್ಷೆಯಾದದ್ದು 2012ರಲ್ಲಿ. ಸಿನಿಮಾದ ಹ್ಯಾಝರ್ಡ್ ಕೆಲವೇ ದಿನಗಳಲ್ಲಿ ಮಾಡಿದ ಕೆಲಸಕ್ಕೆ ನಿಜದ ಪೊಲೀಸರಿಗೆ 18 ವರ್ಷ ಬೇಕಾಯಿತು, ಅದೂ ಆ ಹುಡುಗನ ತಾಯಿ ತಂದೆ ಬಾಗಿಲು ಬಡಿದು ಬಡಿದು ಕೈ ಸೋತ ಮೇಲೆ.

5

ಹಾಗಾದರೆ ಈ ಚಿತ್ರಗಳಲ್ಲಿ ನಮಗೆ ದಕ್ಕುವುದು ಏನೂ ಇಲ್ಲವೇ? ಇದೆ. ದಕ್ಕಿಸಿಕೊಟ್ಟವರು ನಟರು.

ಡಾಕ್ಟರ್ ರಾಬಿನ್ಸ್ ಪಾತ್ರ ಮಾಡಿದ ಅರ್ಲ್ ಕ್ಯಾಮರಾನ್ ಹುಟ್ಟಿದ್ದು ಬರ್ಮುಡದಲ್ಲಿ, 1917ರಲ್ಲಿ. ಹಡಗಿನ ಕೆಲಸಗಾರನಾಗಿ ಲಂಡನ್ನಿಗೆ ಬಂದವರು. 102 ವರ್ಷ ಬದುಕಿ 2020ರಲ್ಲಿ ತೀರಿಕೊಂಡರು. ಅವರ ಮೊದಲ ದೊಡ್ಡ ಪಾತ್ರ ಡಿಯರ್ಡನ್‌ನದೇ 'ಪೂಲ್ ಆಫ್ ಲಂಡನ್'ನಲ್ಲಿ, 1951ರಲ್ಲಿ, ಈಲಿಂಗ್ ಸ್ಟುಡಿಯೊಗಾಗಿ. ವಜ್ರ ಕಳ್ಳತನದ ಕತೆ. ಜಮೈಕಾದ ನಾವಿಕ ಜಾನಿ, ಏನೂ ಅರಿಯದೆ ಗೆಳೆಯನ ಕಳ್ಳಮಾಲು ಹೊರುವವನು. ಥಿಯೇಟರಿನ ಬಾಗಿಲು ಕಾಯುವವನು ಅವನನ್ನು ಗದರುತ್ತಾನೆ. ಟಿಕೆಟ್ ಕೊಡುವ ಹುಡುಗಿ ಪ್ಯಾಟ್ ಅವನ ಪರ ನಿಲ್ಲುತ್ತಾಳೆ. ಇಬ್ಬರೂ ಸೇಂಟ್ ಪಾಲ್ಸ್ ನೋಡುತ್ತಾರೆ, ಗ್ರೀನಿಚ್‌ಗೆ ಹೋಗುತ್ತಾರೆ. ಯುದ್ಧದಲ್ಲಿ ಬಾಂಬು ಬಿದ್ದ ಊರಿನ ನಡುವೆ ಒಂದು ಭಾನುವಾರ ಇಬ್ಬರು ಮನುಷ್ಯರು ನಡೆದಾಡುವುದನ್ನು ನೋಡುವಾಗ ಎದೆ ತುಂಬುತ್ತದೆ. ಆದರೆ ಮುತ್ತು ಇರಲಿ, ಮಾತೂ ಪೂರ್ತಿಯಾಗುವುದಿಲ್ಲ. ಹಡಗು ಹೊರಡುತ್ತದೆ, ಜಾನಿ ಹೋಗಿಬಿಡುತ್ತಾನೆ. ಕರಿಯನು ಊರಿಗೆ ಬರಬಹುದು, ಒಳ್ಳೆಯವನಾಗಿರಬಹುದು, ಕತೆ ಮುಗಿಯುವಾಗ ಮಾತ್ರ ಹೊರಟುಹೋಗಬೇಕು.

ಜಾನಿ ಎಷ್ಟು ಒಳ್ಳೆಯವನು ಅಂದರೆ ಅವನಿಗೆ ಸಿಟ್ಟೇ ಬರುವುದಿಲ್ಲ. ಕುಡಿದಾಗಲೂ ಅವಮಾನ ನುಂಗುತ್ತಾನೆ. ಡಾಕ್ಟರ್ ರಾಬಿನ್ಸ್ ಕೂಡ ಹಾಗೆಯೇ. ಇವರನ್ನು ನಾವು ಬೇರೆ ಹೆಸರಿನಲ್ಲಿ ಬಲ್ಲೆವು. ಕೈಮುಗಿದು ನಿಂತ ಒಳ್ಳೆಯ ಹರಿಜನ. ಮೇಲಿನವರ ಕನಿಕರಕ್ಕೆ ಅರ್ಹನಾಗಬೇಕಾದರೆ ಅವನಲ್ಲಿ ಒಂದು ತಪ್ಪೂ ಇರಕೂಡದು. ಬಿಳಿಯ ಗೆಳೆಯ ಕಳ್ಳನಾಗಿದ್ದೂ ಕತೆಯ ನಾಯಕನಾಗಬಹುದು, ಕರಿಯ ನಾವಿಕ ದೇವರಂಥವನಾಗಿದ್ದರೂ ಅದು ಅವನ ಕತೆ ಅಲ್ಲ. ತಪ್ಪು ಮಾಡುವ ಹಕ್ಕೂ ಮನುಷ್ಯನ ಹಕ್ಕೇ ಅನ್ನುವುದನ್ನು ಉದಾರವಾದ ಮರೆಯುತ್ತದೆ. ಇಷ್ಟಾಗಿಯೂ ಕ್ಯಾಮರಾನ್ ಕಣ್ಣುಗಳಲ್ಲಿ, ಬರೆದುಕೊಟ್ಟ ಮಾತಿನ ಆಚೆಗೆ, ಒಂದು ತಡೆದ ಸಿಟ್ಟು ಕಾಣುತ್ತದೆ. ಅದು ಚಿತ್ರಕತೆಯಲ್ಲಿ ಇದ್ದದ್ದಲ್ಲ. ಅವರು ತಮ್ಮ ಬದುಕಿನಿಂದ ತಂದದ್ದು.

'ಸಫೈರ್'ನಲ್ಲೇ ಇನ್ನೊಂದು ಚುರುಕಾದ ಗಳಿಗೆ ಇದೆ. ಬಿಷಪ್ಪನ ಮಗ, ಬ್ಯಾರಿಸ್ಟರ್ ಪಾಲ್ ಸ್ಲೇಡ್. ಸಫೈರಳನ್ನು ನೀನು ಮದುವೆಯಾಗಬೇಕು ಅಂತಿದ್ದೆಯಾ ಅಂತ ಪೊಲೀಸರು ಕೇಳಿದರೆ, ಅವಳಲ್ಲಿ ಬಿಳಿಯ ರಕ್ತ ಇತ್ತು, ನಮ್ಮಪ್ಪ ಒಪ್ಪುತ್ತಿರಲಿಲ್ಲ ಅನ್ನುತ್ತಾನೆ. ಪೊಲೀಸರು ಪೆಚ್ಚಾಗುತ್ತಾರೆ. ಅಳತೆಗೋಲನ್ನು ಒಂದು ಕ್ಷಣ ತಿರುಗಿಸಿ ಅಳೆಯುವವನನ್ನೇ ಅಳೆದ ಮಾತು ಅದು. ಇಂಥ ಮಾತು ಇನ್ನೂ ನಾಲ್ಕು ಇದ್ದಿದ್ದರೆ ಚಿತ್ರವೇ ಬೇರೆಯಾಗುತ್ತಿತ್ತು.

6

ಇದೇ ತಂಡ ಎರಡು ವರ್ಷದ ನಂತರ, 1961ರಲ್ಲಿ, 'ವಿಕ್ಟಿಮ್' ಮಾಡಿತು. ಜಾನೆಟ್ ಗ್ರೀನ್ ಜೊತೆ ಬರೆದವರು ಜಾನ್ ಮೆಕಾರ್ಮಿಕ್. ಗಂಡಸು ಗಂಡಸನ್ನು ಪ್ರೀತಿಸುವುದು ಇಂಗ್ಲೆಂಡಿನಲ್ಲಿ ಆಗ ಜೈಲಿಗೆ ಕಳಿಸುವ ಅಪರಾಧ. ಆ ಕಾನೂನನ್ನೇ ಬಂಡವಾಳ ಮಾಡಿಕೊಂಡು ಹೆದರಿಸಿ ಹಣ ಕೀಳುವವರ ಕತೆ. ಮುಖ್ಯ ಪಾತ್ರ ಬ್ಯಾರಿಸ್ಟರ್ ಮೆಲ್ವಿಲ್ ಫಾರ್, ಮಾಡಿದವನು ಆ ಕಾಲದ ದೊಡ್ಡ ನಟ ಡರ್ಕ್ ಬೊಗಾರ್ಡ್.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ವಾದ ಸ್ಪಷ್ಟವಾಗುತ್ತದೆ. 'ವಿಕ್ಟಿಮ್'ನಲ್ಲಿ ಅಪರಾಧಿ ಯಾರು ಅನ್ನುವುದಕ್ಕೆ ಕಾನೂನು ಅನ್ನುವ ಉತ್ತರ ಇದೆ. ಕಾನೂನನ್ನೇ ಕಟಕಟೆಗೆ ತಂದ ಕಾರಣ ಅದು ಬೀದಿಯಲ್ಲಿ ಚರ್ಚೆಯಾಯಿತು. 1957ರ ವುಲ್ಫೆಂಡೆನ್ ವರದಿ ಶಿಫಾರಸು ಮಾಡಿದ್ದ ತಿದ್ದುಪಡಿ 1967ರಲ್ಲಿ ಬಂತು. ಆ ಬದಲಾವಣೆಗೆ ಹದ ಮಾಡಿದ ಚಿತ್ರಗಳಲ್ಲಿ ಇದೊಂದು. ಇಂಗ್ಲಿಷರು ತಮ್ಮಲ್ಲಿ ತೆಗೆದುಹಾಕಿದ ಇಂಥದೇ ಕಾನೂನನ್ನು, 1860ರ ದಂಡಸಂಹಿತೆಯ 377ನೇ ಕಲಮನ್ನು, ನಮ್ಮ ತಲೆಯ ಮೇಲೆ ಬಿಟ್ಟುಹೋಗಿದ್ದರು. ಅದರ ಹಿಡಿತ ಬಿಡಿಸಲು 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು ಬರಬೇಕಾಯಿತು.

ಆದರೆ 'ವಿಕ್ಟಿಮ್'ನಲ್ಲೂ ಒಂದು ಹೆಣ ಇದೆ. ಬಾರೆಟ್ ಅನ್ನುವ ಬಡ ಗುಮಾಸ್ತ. ಬೆದರಿಸುವವರಿಗೆ ಕೊಡಲು ಕಂಪನಿಯ ಸಂಬಳದ ಹಣ ಕದ್ದು, ಸಿಕ್ಕಿಬಿದ್ದು, ಲಾಕಪ್ಪಿನಲ್ಲಿ ನೇಣು ಹಾಕಿಕೊಳ್ಳುತ್ತಾನೆ. ಅವನು ಸತ್ತ ಮೇಲೆ ಬ್ಯಾರಿಸ್ಟರನ ಆತ್ಮಸಾಕ್ಷಿ ಎಚ್ಚರಾಗುತ್ತದೆ. ಮಾತು ಬ್ಯಾರಿಸ್ಟರನಿಗೆ, ಸಾವು ಗುಮಾಸ್ತನಿಗೆ. ಬಣ್ಣದ ಪ್ರಶ್ನೆ ಬಂದರೂ, ಲಿಂಗದ ಪ್ರಶ್ನೆ ಬಂದರೂ, ಕೆಳಗಿನವನ ಹೆಣದ ಮೇಲೆ ನಿಂತೇ ಮೇಲಿನವನು ಮನುಷ್ಯನಾಗುವುದು ಈ ಚಿತ್ರಗಳ ರೂಢಿ.

7

ಇದರಲ್ಲಿ ನಮ್ಮ ಮಣ್ಣಿನ ಹುಡುಗನೊಬ್ಬ ಇದ್ದ ಅನ್ನುವುದನ್ನು ಹೇಳದೆ ಮುಂದೆ ಹೋಗಲಾಗದು. ಸಾಬು. ಹೆಗ್ಗಡದೇವನಕೋಟೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. ಮೈಸೂರು ಅರಮನೆಯ ಆನೆಲಾಯದಲ್ಲಿ ಬೆಳೆದವನು. 1937ರ 'ಎಲಿಫೆಂಟ್ ಬಾಯ್' ಅವನನ್ನು ಲಂಡನ್ನಿಗೆ ಒಯ್ದಿತು. ಮರುವರ್ಷ 'ದಿ ಡ್ರಮ್'ನಲ್ಲಿ ಬ್ರಿಟಿಷರಿಗೆ ನಿಷ್ಠನಾದ ರಾಜಕುಮಾರನ ಪಾತ್ರ. ಆ ಚಿತ್ರದ ವಿರುದ್ಧ ಬೊಂಬಾಯಿ, ಮದರಾಸಿನಲ್ಲಿ ಜನ ಬೀದಿಗಿಳಿದರು. 1947ರ 'ಬ್ಲ್ಯಾಕ್ ನಾರ್ಸಿಸಸ್' ಹಿಮಾಲಯದ ಮಠವೊಂದರಲ್ಲಿ ಬಿಳಿಯ ಸನ್ಯಾಸಿನಿಯ ತಲೆ ಕೆಡುವ ಭಯದ ಕತೆ. ಹಿಮಾಲಯವನ್ನು ಇಂಗ್ಲೆಂಡಿನ ಸ್ಟುಡಿಯೊದಲ್ಲೇ ಬಣ್ಣ ಬಳಿದು ಮಾಡಿದ್ದರು. ಅದರಲ್ಲಿ ಸಾಬು ಅತ್ತರು ಬಳಿದುಕೊಂಡ ಎಳೆಯ ಜನರಲ್. ಅವನ ಜೊತೆಯ ಇಂಡಿಯನ್ ಹುಡುಗಿ ಇಂಗ್ಲಿಷ್ ನಟಿ ಜೀನ್ ಸಿಮನ್ಸ್, ಮುಖಕ್ಕೆ ಕಂದುಬಣ್ಣ. ನಿಜವಾದ ಇಂಡಿಯದ ಮಾವುತನ ಮಗನನ್ನು ಅವರು ರಾಜಕುಮಾರ ಮಾಡಿದರು, ಮನುಷ್ಯ ಮಾಡಲಿಲ್ಲ. 1963ರಲ್ಲಿ, ನಲವತ್ತೂ ತುಂಬದೆ ಅವನು ತೀರಿಕೊಂಡ. ಅವನ ಹೆಸರಿನ ಬಗ್ಗೆ ಹೆಮ್ಮೆ ಪಡುವ ನಾವು, ಅವನಿಗೆ ಒಂದಾದರೂ ಸರಿಯಾದ ಪಾತ್ರ ಕೊಟ್ಟರೇ ಅಂತಲೂ ಕೇಳಬೇಕು.

ತೆರೆಯ ಮೇಲೆ ಎಷ್ಟು ಕರಿಯ ಮುಖ ಇದೆ ಅಂತ ಎಣಿಸಿದರೆ ಸಾಲದು. 'ಸಫೈರ್'ನಲ್ಲಿ ಡಾಕ್ಟರೂ ಇದ್ದಾನೆ, ಬ್ಯಾರಿಸ್ಟರೂ ಇದ್ದಾನೆ, ಕ್ಲಬ್ಬಿನವನೂ ಇದ್ದಾನೆ. ಎಣಿಕೆಗೆ ಕೊರತೆ ಇಲ್ಲ. ಕೊರತೆ ಇರುವುದು ಕ್ಯಾಮರಾದ ಹಿಂದೆ, ಕಾಗದದ ಮುಂದೆ. ಬರೆದವರಲ್ಲಿ, ನಿರ್ದೇಶಿಸಿದವರಲ್ಲಿ, ಹಣ ಹಾಕಿದವರಲ್ಲಿ ಒಬ್ಬ ಕರಿಯನೂ ಇರಲಿಲ್ಲ. ಪ್ರಾತಿನಿಧ್ಯ ಅಂದರೆ ಫೋಟೋದಲ್ಲಿ ಜಾಗ ಅಂತ ತಿಳಿದವರಿಗೆ ಇದು ಅರ್ಥವಾಗುವುದಿಲ್ಲ.

ಆ ಹೊತ್ತಿಗೆ ಕರಿಯರು ಸುಮ್ಮನೆ ಕೂತಿರಲಿಲ್ಲ. ಟ್ರಿನಿಡಾಡಿನಲ್ಲಿ ಹುಟ್ಟಿ, ಅಮೆರಿಕದಿಂದ ಗಡೀಪಾರಾಗಿ ಬಂದ ಕಮ್ಯುನಿಸ್ಟ್ ಹೆಂಗಸು ಕ್ಲಾಡಿಯಾ ಜೋನ್ಸ್ 1958ರಲ್ಲಿ ಬ್ರಿಕ್ಸ್‌ಟನ್‌ನಿಂದ 'ವೆಸ್ಟ್ ಇಂಡಿಯನ್ ಗೆಜೆಟ್' ಪತ್ರಿಕೆ ಶುರುಮಾಡಿದಳು. ಗಲಭೆಯ ಗಾಯ ಹಸಿಯಿರುವಾಗಲೇ, 1959ರ ಜನವರಿಯಲ್ಲಿ, ಸೇಂಟ್ ಪ್ಯಾಂಕ್ರಾಸ್ ಟೌನ್ ಹಾಲಿನಲ್ಲಿ ಕೆರಿಬಿಯನ್ ಕುಣಿತದ ಹಬ್ಬ ಮಾಡಿಸಿದಳು. 'ಸಫೈರ್' ಯಾವ ಡ್ರಮ್ಮನ್ನು ರಕ್ತದ ಗುಟ್ಟು ಬಯಲು ಮಾಡುವ ಸಾಕ್ಷಿ ಮಾಡಿತೋ, ಅದೇ ವರ್ಷ ಅದೇ ಊರಿನಲ್ಲಿ ಅದೇ ಡ್ರಮ್ಮನ್ನು ಈ ಹೆಂಗಸು ತನ್ನ ಜನ ತಲೆ ಎತ್ತುವ ಸದ್ದು ಮಾಡಿದಳು. ಮದರಾಸಿನಿಂದ ಹೋದವನ ಮಗ, ಟ್ರಿನಿಡಾಡಿನ ಸ್ಯಾಮ್ ಸೆಲ್ವನ್ 1956ರಲ್ಲೇ 'ದಿ ಲೋನ್ಲಿ ಲಂಡನರ್ಸ್' ಕಾದಂಬರಿಯನ್ನು ತನ್ನ ಜನರ ಆಡುಮಾತಿನಲ್ಲಿ ಬರೆದಿದ್ದ. ಅದೇ ಸೆಲ್ವನ್ ಜೊತೆ ಬರೆದು ಹೊರೇಸ್ ಓವೆ 1970ರ ದಶಕದ ನಡುವಿನಲ್ಲಿ 'ಪ್ರೆಷರ್' ಚಿತ್ರ ಮಾಡಿದ. ಬ್ರಿಟನ್ನಿನ ಕರಿಯ ನಿರ್ದೇಶಕನ ಮೊದಲ ಪೂರ್ಣ ಕಥಾಚಿತ್ರ ಅದು. ಪೊಲೀಸರ ಹೊಡೆತವನ್ನು ತೋರಿಸಿತ್ತು. ಅದನ್ನು ಜನರಿಗೆ ಕಾಣದ ಹಾಗೆ ಸ್ವಲ್ಪ ಕಾಲ ತಡೆದು ಇಟ್ಟಿದ್ದರು.

ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರಿಗೆ, ಹಾಸ್ಟೆಲ್ಲುಗಳಲ್ಲಿ ಓದುವ ತಮ್ಮ ತಂಗಿಯರಿಗೆ ನಾವು ಹೇಳುವುದು ಇಷ್ಟು. ಈ ಚಿತ್ರಗಳು ಈಗ ಸುಲಭವಾಗಿ ಸಿಗುತ್ತವೆ. ನೋಡಿ. ಚೆನ್ನಾಗಿ ಮಾಡಿದ ಚಿತ್ರಗಳು, ಬೇಜಾರಾಗುವುದಿಲ್ಲ. ಆದರೆ ಪೊಲೀಸಿನವನ ಹಿಂದೆ ಹೋಗಬೇಡಿ. ಹೆಣದ ಹತ್ತಿರ ಕೂತು ನೋಡಿ. ಸತ್ತವಳಿಗೆ ಮಾತು ಬಂದಿದ್ದರೆ ಕತೆ ಎಲ್ಲಿಂದ ಶುರುವಾಗುತ್ತಿತ್ತು ಅಂತ ಮಕ್ಕಳನ್ನು ಕೇಳಿ, ಅವರಿಂದಲೇ ಬರೆಸಿ. ಸಫೈರ್ ತನ್ನ ಕತೆ ಹೇಳಿದ್ದರೆ ಅದು ಕೊಲೆಯಿಂದ ಶುರುವಾಗುತ್ತಿರಲಿಲ್ಲ. ಕೋಣೆ ಕೇಳಿಕೊಂಡು ಬಾಗಿಲು ಬಡಿದ ದಿನದಿಂದ ಶುರುವಾಗುತ್ತಿತ್ತು. ಆ ಕತೆಯನ್ನು ಡಿಯರ್ಡನ್ ಮಾಡಲಾರ. ನಮ್ಮ ಬಗ್ಗೆ ಕನಿಕರದಿಂದ ಬರೆಯುವ ಇಲ್ಲಿನವರೂ ಮಾಡಲಾರರು. ಬಾಗಿಲ ಹೊರಗೆ ನಿಂತವರೇ ಬರೆಯಬೇಕು.